ಹೊನಲು ಬೆಳಕಿನಲ್ಲಿ ಸಿಗದ ಚಿತ್ರಗಳು

ಊರ ಹಬ್ಬವೋ ರಾಜ್ಯೋತ್ಸವವೋ ಹತ್ತಿರವಾದಾಗ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲೂಕುಗಳ ಹಳ್ಳಿಗೋಡೆಗಳ ಮೇಲೆ ಒಂದು ಭಿತ್ತಿಪತ್ರ ಕಾಣಿಸಿಕೊಳ್ಳುತ್ತದೆ. ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಎಂಬ ದಪ್ಪ ಅಕ್ಷರಗಳು, ಕೆಳಗೆ ಬಹುಮಾನದ ಮೊತ್ತ, ಅತಿಥಿಗಳ ಹೆಸರು. ಕೆಲವೆಡೆ ಕಬಡ್ಡಿಯ ಬದಲು ವಾಲಿಬಾಲ್. ಹಗಲೆಲ್ಲ ಗದ್ದೆ, ಕಬ್ಬಿನ ತೋಟಗಳಲ್ಲಿ ದುಡಿಯುವ ಹುಡುಗರಿಗೆ ಆಟಕ್ಕೆ ಬಿಡುವು ಸಿಗುವುದು ರಾತ್ರಿಯೇ. ಪಂದ್ಯಗಳು ಬೆಳಗಿನ ಜಾವದವರೆಗೂ ನಡೆಯುವುದುಂಟು. ‘ಹೊನಲು’ ಎಂದರೆ ಪ್ರವಾಹ. ಇಂಗ್ಲಿಷಿನ ‘ಫ್ಲಡ್‌ಲೈಟ್’ಗೆ ಇದಕ್ಕಿಂತ ಚೆಂದದ ಕನ್ನಡ ಪದ ಸಿಗಲಾರದು. ಆದರೆ ಹೆಸರಿನಲ್ಲಿ ಹೊನಲಿದ್ದರೂ ಅಂಕಣದಲ್ಲಿ ಹರಿಯುವುದು ಸಣ್ಣ ತೊರೆ ಮಾತ್ರ.

ಇಂಥ ಊರುಗಳಲ್ಲಿ ಯುವಕ ಸಂಘದ ಹಳೆಯ ಆಲ್ಬಮ್ಮು ಸಿಕ್ಕರೆ ತಿರುವಿ ನೋಡಿ. ದೀಪ ಬೆಳಗುವ ಗಣ್ಯರು, ಸಾಲಾಗಿ ನಿಂತು ಕೈಕುಲುಕುತ್ತಿರುವ ಆಟಗಾರರು, ಪಾರಿತೋಷಕ ಹಿಡಿದ ನಾಯಕ ಇವರೆಲ್ಲ ಸ್ಪಷ್ಟವಾಗಿ ಕಾಣುತ್ತಾರೆ. ಆಟ ಮಾತ್ರ ಇರುವುದಿಲ್ಲ. ಇದ್ದರೂ ಒಂದೋ ಎರಡೋ, ಕಪ್ಪು ಹಿನ್ನೆಲೆಯಲ್ಲಿ ಮಸುಕಾದ ತೋಳು, ತಲೆಯಿಲ್ಲದ ಮುಂಡ. ಛಾಯಾಗ್ರಾಹಕನಿಗೆ ಆಟದಲ್ಲಿ ಆಸಕ್ತಿಯಿರಲಿಲ್ಲ, ಅತಿಥಿಗಳನ್ನು ಮೆಚ್ಚಿಸುವುದೇ ಅವನ ಕೆಲಸವಾಗಿತ್ತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದು ಅರ್ಧ ಸತ್ಯ. ಉಳಿದರ್ಧಕ್ಕೆ ಭೌತವಿಜ್ಞಾನ ಮತ್ತು ರಸಾಯನವಿಜ್ಞಾನಗಳು ಹೊಣೆ. ಯಾವ ಕ್ಷಣ ದಾಖಲೆಯಾಗಿ ಉಳಿಯಬೇಕು ಎಂಬುದನ್ನು ಈ ಹಳ್ಳಿಗಳಲ್ಲಿ ಹಲವು ದಶಕಗಳ ಕಾಲ ತೀರ್ಮಾನಿಸಿದ್ದು ಫಿಲ್ಮಿನ ವೇಗ ಮತ್ತು ಫ್ಲ್ಯಾಶಿನ ದೂರ.

ಮೊದಲು ಒಂದು ಲೆಕ್ಕ ಹಾಕೋಣ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಸುತ್ತಲಿನ ಜಾಗ ಸೇರಿಸಿ ಬೆಳಕು ಬೀಳುವ ನೆಲ 300 ಚದರ ಮೀಟರ್ ಎಂದುಕೊಳ್ಳಿ. ಕಂಬಗಳಿಗೆ 500 ವಾಟಿನ ಎಂಟು ಹ್ಯಾಲೊಜೆನ್ ದೀಪ ಕಟ್ಟಿದ್ದಾರೆ. ಒಂದೊಂದು ದೀಪ ಸುಮಾರು 9,000 ಲ್ಯೂಮೆನ್ ಬೆಳಕು ಕೊಡುತ್ತದೆ; ಎಂಟಕ್ಕೆ 72,000. ಅದರಲ್ಲಿ ಅರ್ಧ ಆಕಾಶಕ್ಕೋ ಮರಗಳಿಗೋ ಹೋದರೆ ನೆಲಕ್ಕೆ ಬೀಳುವುದು 36,000 ಲ್ಯೂಮೆನ್. ಚದರ ಮೀಟರಿಗೆ 120 ಲ್ಯೂಮೆನ್, ಅಂದರೆ 120 ಲಕ್ಸ್. ಬಟ್ಟಬಯಲ ಬಿಸಿಲು ಸುಮಾರು 1,00,000 ಲಕ್ಸ್. ನಮ್ಮ ಕಣ್ಣು ಈ ಎಂಟುನೂರು ಪಟ್ಟು ವ್ಯತ್ಯಾಸವನ್ನು ಲೆಕ್ಕಕ್ಕೇ ಇಡದೆ ಹೊಂದಿಕೊಳ್ಳುತ್ತದೆ. ಪ್ರೇಕ್ಷಕರಿಗೆ ಆಟ ಚೆನ್ನಾಗಿಯೇ ಕಾಣುತ್ತದೆ. ಕ್ಯಾಮೆರಾಕ್ಕೆ ಆ ಸೌಲಭ್ಯವಿಲ್ಲ.

ಷಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ತಿಳಿಯಲು ಒಂದು ಸರಳ ಸೂತ್ರವಿದೆ. ಅಪರ್ಚರ್ ಸಂಖ್ಯೆಯ ವರ್ಗವನ್ನು 250ರಿಂದ ಗುಣಿಸಿ, ಬಂದದ್ದನ್ನು ಲಕ್ಸ್ ಮತ್ತು ಫಿಲ್ಮ್ ವೇಗಗಳ ಗುಣಲಬ್ಧದಿಂದ ಭಾಗಿಸಿದರೆ ಸೆಕೆಂಡುಗಳು ಸಿಗುತ್ತವೆ. 120 ಲಕ್ಸ್ ಬೆಳಕು, ಎಫ್/2.8 ಅಪರ್ಚರ್, ವೇಗ 400ರ ಫಿಲ್ಮ್ ಇದ್ದರೆ ಉತ್ತರ ಸೆಕೆಂಡಿನ 1/25 ಭಾಗ. ವೇಗ 100ರ ಫಿಲ್ಮಾದರೆ 1/6. ರೈಡರ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಅಡ್ಡ ಓಡುತ್ತಿದ್ದಾನೆ ಎನ್ನಿ. 1/25 ಸೆಕೆಂಡಿನಲ್ಲಿ ಅವನು 20 ಸೆಂಟಿಮೀಟರ್ ಸರಿಯುತ್ತಾನೆ. ಮುಖದ ಅಗಲಕ್ಕಿಂತ ಹೆಚ್ಚು! ಚಿತ್ರದಲ್ಲಿ ಉಳಿಯುವುದು ಮುಖವಲ್ಲ, ಮುಖದ ಗೆರೆ. ಈ ಲೆಕ್ಕವೂ ಸ್ವಲ್ಪ ಉದಾರವಾದದ್ದೇ. ದೀಪಗಳು ಮೇಲಿವೆ, ಕಬಡ್ಡಿ ಆಟಗಾರರು ಬಾಗಿ ಆಡುತ್ತಾರೆ. ಬೆನ್ನಿಗೆ 120 ಲಕ್ಸ್ ಬಿದ್ದರೆ ಮುಖಕ್ಕೆ ಅದರ ಅರ್ಧ ಬಿದ್ದರೆ ಪುಣ್ಯ.

ರಾತ್ರಿಯ ಆಟಕ್ಕೆ ವಿದ್ಯುದ್ದೀಪ ಬಳಸಿದ ಮೊದಲ ಪ್ರಯೋಗಗಳಲ್ಲಿ ಹೆಸರಾದದ್ದು ಇಂಗ್ಲೆಂಡಿನ ಶೆಫೀಲ್ಡ್ ನಗರದ್ದು. 1878ರ ಅಕ್ಟೋಬರ್ 14ರಂದು ಅಲ್ಲಿನ ಬ್ರಾಮಲ್ ಲೇನ್ ಮೈದಾನದಲ್ಲಿ ನಾಲ್ಕು ಮೂಲೆಗಳಿಗೆ ಮರದ ಗೋಪುರ ಕಟ್ಟಿ, ಆರ್ಕ್ ದೀಪಗಳನ್ನು ಹಚ್ಚಿ ಫುಟ್‌ಬಾಲ್ ಆಡಿಸಿದರು. ಒಣ ಫಲಕಗಳಿಗೆ ಬಳಿಯುವ ಜಿಲಾಟಿನ್ ಲೇಪವನ್ನು ಹದವಾಗಿ ಬಿಸಿಮಾಡಿ ಅವುಗಳ ವೇಗ ಹೆಚ್ಚಿಸುವ ವಿಧಾನವನ್ನು ಚಾರ್ಲ್ಸ್ ಬೆನೆಟ್ ಪ್ರಕಟಿಸಿದ್ದೂ ಅದೇ ವರ್ಷ. ಆದರೆ ಆ ಫಲಕಗಳಿಗೂ ಹಗಲೇ ಬೇಕಿತ್ತು. ದೀಪ ಒಂದು ದಾರಿಯಲ್ಲಿ, ಕ್ಯಾಮೆರಾ ಇನ್ನೊಂದು ದಾರಿಯಲ್ಲಿ ನಡೆಯುತ್ತಿದ್ದ ಕಾಲ ಅದು.

ನಮ್ಮ ಜಿಲ್ಲೆಯ ವಿಷಯಕ್ಕೆ ಬಂದರೆ ವಿದ್ಯುತ್ತಿನ ಚರಿತ್ರೆ ಬಹಳ ಹಳೆಯದು. ಇಂದಿನ ಮಳವಳ್ಳಿ ತಾಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ತಂತಿ ಹಾದುಹೋದ ದಾರಿಯ ಹಳ್ಳಿಗಳು ಮಾತ್ರ ಬಹುಕಾಲ ಪಂಜು, ಲಾಂದ್ರ, ಗ್ಯಾಸ್‌ಲೈಟುಗಳಲ್ಲೇ ಉಳಿದವು. ಶಿವನಸಮುದ್ರದ ಆರಂಭದ ಯಂತ್ರಗಳು ಉತ್ಪಾದಿಸುತ್ತಿದ್ದದ್ದು ಸೆಕೆಂಡಿಗೆ 25 ಆವರ್ತಗಳ ವಿದ್ಯುತ್. ಇಂದಿನ ನಮ್ಮ ವಿದ್ಯುತ್ತಿನದು 50. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕತ್ತಲಲ್ಲಿ ಬೆಳಕಿನ ವೈಭವ ಈ ಭಾಗದ ಜನರಿಗೆ ಹತ್ತಿರದಿಂದ ಕಂಡದ್ದು ಕನ್ನಂಬಾಡಿಯಲ್ಲಿ. 1911ರಲ್ಲಿ ಆರಂಭವಾದ ಕಟ್ಟೆಯ ಕೆಳಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ರೂಪಿಸಿದ ಬೃಂದಾವನದ ಬಣ್ಣದ ಕಾರಂಜಿಗಳನ್ನು ಲಕ್ಷಾಂತರ ಜನ ಚಿತ್ರ ತೆಗೆದಿದ್ದಾರೆ. ಆ ಬೆಳಕೇನೂ ಹೆಚ್ಚಿನದಲ್ಲ. ಆದರೂ ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು ಷಟರನ್ನು ನಾಲ್ಕೈದು ಸೆಕೆಂಡು ತೆರೆದಿಟ್ಟರೆ ನಿಧಾನಗತಿಯ ಫಿಲ್ಮಿನಲ್ಲೂ ಚಿತ್ರ ಮೂಡುತ್ತದೆ. ಕಾರಂಜಿ ನಿಂತಲ್ಲೇ ನಿಲ್ಲುತ್ತದೆ, ನೀರಿನ ಎಳೆ ಮಸುಕಾದರೆ ಅದೂ ಚೆಂದ. ಅದೇ ಶ್ರೀರಂಗಪಟ್ಟಣ ತಾಲೂಕಿನ ಯಾವುದೋ ಶಾಲಾ ಮೈದಾನದಲ್ಲಿ ಅದೇ ರಾತ್ರಿ ನಡೆಯುವ ಕಬಡ್ಡಿಗೆ ಈ ಉಪಾಯ ನಡೆಯದು. ಕೊರತೆ ಬೆಳಕಿನದಷ್ಟೇ ಅಲ್ಲ, ಕಾಲದ್ದು.

ಹಾಗಾದರೆ ಬೆಳಕನ್ನು ನಾವೇ ಒಯ್ದರಾಯಿತು. ಮ್ಯಾಗ್ನೀಸಿಯಂ ಉರಿಸಿ ಚಿತ್ರ ತೆಗೆಯುವುದು 1860ರ ದಶಕದಲ್ಲೇ ಆರಂಭವಾಗಿತ್ತು. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥ ಮತ್ತು ಯೊಹಾನಸ್ ಗೆಡಿಕ ಮ್ಯಾಗ್ನೀಸಿಯಂ ಪುಡಿಗೆ ಪೊಟಾಸಿಯಂ ಕ್ಲೋರೇಟ್ ಬೆರೆಸಿ ಫ್ಲ್ಯಾಶ್ ಪುಡಿ ತಯಾರಿಸಿದರು. ಕಣ್ಣು ಕುಕ್ಕುವ ಬೆಳಕು, ಕವಿಯುವ ಹೊಗೆ, ಜೊತೆಗೆ ಕೈ ಸುಟ್ಟುಕೊಳ್ಳುವ ಅಪಾಯ. 1929ರ ಹೊತ್ತಿಗೆ ಗಾಜಿನ ಬುರುಡೆಯೊಳಗೆ ಲೋಹದ ಹಾಳೆ ಉರಿಯುವ ಫ್ಲ್ಯಾಶ್ ಬಲ್ಬು ಬಂತು. 1931ರಿಂದ ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಹೆರಾಲ್ಡ್ ಎಜರ್ಟನ್ ಅನಿಲ ತುಂಬಿದ ನಳಿಗೆಯಲ್ಲಿ ಧಾರಕದ ವಿದ್ಯುತ್ತನ್ನು ಒಮ್ಮೆಗೇ ಹರಿಸಿ, ಸೆಕೆಂಡಿನ ಅತ್ಯಲ್ಪ ಭಾಗದಷ್ಟೇ ಬಾಳುವ ಮಿಂಚನ್ನು ಬಳಕೆಗೆ ತಂದರು. ಇಂದಿನ ಎಲೆಕ್ಟ್ರಾನಿಕ್ ಫ್ಲ್ಯಾಶ್ ಅದರ ಸಂತತಿ. ಅದರ ಬೆಳಕು ಸೆಕೆಂಡಿನ 1/1000ಕ್ಕೂ ಕಡಿಮೆ ಹೊತ್ತು ಇರುವುದರಿಂದ ಚಲನೆ ಹೆಪ್ಪುಗಟ್ಟುತ್ತದೆ. ಕಾಲದ ತೊಡಕು ಬಗೆಹರಿಯಿತು!

ಆದರೆ ದೂರದ ತೊಡಕು ಎದುರಾಯಿತು. ಫ್ಲ್ಯಾಶಿನ ಬೆಳಕು ವಿಲೋಮ ವರ್ಗ ನಿಯಮವನ್ನು ಪಾಲಿಸುತ್ತದೆ. 3 ಮೀಟರ್ ದೂರದ ಅತಿಥಿಗೆ ಬಿದ್ದ ಬೆಳಕಿನ ಒಂಬತ್ತನೇ ಒಂದು ಭಾಗ ಮಾತ್ರ 9 ಮೀಟರ್ ದೂರದ ಆಟಗಾರನಿಗೆ ಸಿಗುತ್ತದೆ. ಸ್ಟುಡಿಯೋಗಳಲ್ಲಿ ಬಳಸುತ್ತಿದ್ದಂಥ ಒಂದು ಫ್ಲ್ಯಾಶಿನ ಮಾರ್ಗದರ್ಶಿ ಸಂಖ್ಯೆ 28 ಎನ್ನಿ. ವೇಗ 100ರ ಫಿಲ್ಮಿನಲ್ಲಿ ಎಫ್/5.6 ಅಪರ್ಚರಿಗೆ ಅದರ ವ್ಯಾಪ್ತಿ 5 ಮೀಟರ್ (28ನ್ನು 5.6ರಿಂದ ಭಾಗಿಸಿ ನೋಡಿ). ಅಂಕಣದ ಗೆರೆಯ ಹೊರಗೆ ನಿಂತವನಿಗೆ ಅಂಕಣದ ಅರ್ಧವೂ ಕೈಗೆಟುಕಲಿಲ್ಲ. ಹತ್ತಿರದ ರಕ್ಷಕನ ಬೆನ್ನು ಸುಣ್ಣದಂತೆ ಬೆಳ್ಳಗೆ, ಆಚೆಯ ರೈಡರ್ ಕತ್ತಲೆ. ಅಂಕಣದಿಂದ ಎದ್ದ ಧೂಳು, ಮಳೆ ಬಂದ ಮರುದಿನ ದೀಪಕ್ಕೆ ಮುತ್ತುವ ಹುಳುಗಳು ಇವೆಲ್ಲ ಫ್ಲ್ಯಾಶಿಗೆ ಎಲ್ಲರಿಗಿಂತ ಹತ್ತಿರ ಇರುವುದರಿಂದ ಚಿತ್ರದ ತುಂಬ ಬಿಳಿ ಚುಕ್ಕೆಗಳು. ಇನ್ನೊಂದು ತೊಡಕು ಷಟರಿನದು. ಪರದೆ ಷಟರಿನ ಅಂದಿನ ಅನೇಕ ಕ್ಯಾಮೆರಾಗಳು ಫ್ಲ್ಯಾಶಿನೊಂದಿಗೆ 1/60 ಸೆಕೆಂಡಿಗಿಂತ ವೇಗವಾಗಿ ಕೆಲಸ ಮಾಡುತ್ತಿರಲಿಲ್ಲ. ಫ್ಲ್ಯಾಶ್ ಮಿಂಚಿದಾಗ ಒಂದು ಸ್ಪಷ್ಟ ಬಿಂಬ, ಉಳಿದ ಹೊತ್ತಿನಲ್ಲಿ ಹ್ಯಾಲೊಜೆನ್ ದೀಪ ಮೂಡಿಸುವ ಮಸುಕು ಬಿಂಬ. ಒಬ್ಬ ಆಟಗಾರನಿಗೆ ಒಂದು ದೆವ್ವ ಉಚಿತ!

ಕರ್ನಾಟಕದಲ್ಲಿ ಫ್ಲ್ಯಾಶ್ ಹಿಡಿದು ಇರುಳನ್ನು ಸೆರೆಹಿಡಿದ ಮಹನೀಯರೇ ಇಲ್ಲವೆಂದಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ಗೂಬೆ, ಕಾಡುಪಾಪಗಳಂಥ ನಿಶಾಚರ ಜೀವಿಗಳ ಚಿತ್ರಗಳಿಂದ ಜಗತ್ತಿನ ಗಮನ ಸೆಳೆದರು. ಆದರೆ ಗೂಬೆ ತನ್ನ ಪೊಟರೆಗೇ ಮರಳಿ ಬರುತ್ತದೆ; ಎಲ್ಲಿಗೆ ಬರುತ್ತದೆಂದು ತಿಳಿದು, ಫ್ಲ್ಯಾಶನ್ನು ಕೆಲವೇ ಮೀಟರ್ ದೂರದಲ್ಲಿ ಹೂಡಿ ಕಾಯಬಹುದು. ರೈಡರ್ ಯಾವ ಮೂಲೆಗೆ ನುಗ್ಗುತ್ತಾನೆಂದು ಎದುರಾಳಿ ತಂಡಕ್ಕೇ ಗೊತ್ತಿರುವುದಿಲ್ಲ. ಮೇಲಾಗಿ ಅವನ ಕಣ್ಣಿಗೆ ಮಿಂಚು ಹೊಡೆದರೆ ತೀರ್ಪುಗಾರರು ಸುಮ್ಮನಿರುವುದಿಲ್ಲ.

ಇನ್ನುಳಿದದ್ದು ಫಿಲ್ಮಿನ ವೇಗ. ಫಿಲ್ಮಿನ ಮೇಲಿನ ಸಿಲ್ವರ್ ಬ್ರೋಮೈಡ್ ಹರಳೊಂದು ಮುಂದೆ ಡೆವಲಪರಿನಲ್ಲಿ ಬೆಳ್ಳಿಯಾಗಿ ಮಾರ್ಪಡಬೇಕಾದರೆ ಅದು ಕನಿಷ್ಠ ನಾಲ್ಕೈದು ಫೋಟಾನುಗಳನ್ನಾದರೂ ಹೀರಿರಬೇಕು. ಹರಳು ದೊಡ್ಡದಾದರೆ ಅಷ್ಟು ಫೋಟಾನುಗಳು ಬೇಗ ಸಿಗುತ್ತವೆ. ಮಳೆಗೆ ಇಟ್ಟ ಲೋಟಕ್ಕಿಂತ ಹರಿವಾಣದಲ್ಲಿ ಹೆಚ್ಚು ಹನಿ ಬೀಳುವಂತೆ. ಆದರೆ ದೊಡ್ಡ ಹರಳು ಚಿತ್ರದಲ್ಲಿ ಒರಟು ಕಣವಾಗಿ ಕಾಣುತ್ತದೆ. ಕೊಡಕ್ ಕಂಪನಿಯ ಟ್ರೈ-ಎಕ್ಸ್ ಫಿಲ್ಮ್ 1954ರಲ್ಲಿ 35 ಮಿ.ಮೀ. ರೋಲಿನಲ್ಲಿ ಬಂದಾಗ ಜಗತ್ತಿನ ಪತ್ರಿಕಾ ಛಾಯಾಗ್ರಾಹಕರಿಗೆ ಹೊಸ ಬಾಗಿಲು ತೆರೆಯಿತು. ಡೆವಲಪರಿನಲ್ಲಿ ಹೆಚ್ಚು ಹೊತ್ತು ಬಿಟ್ಟು ಅದನ್ನು 1600ರ ವೇಗದವರೆಗೆ ‘ತಳ್ಳು’ತ್ತಿದ್ದರು. ನಮ್ಮ ಲೆಕ್ಕದ ಅಂಕಣದಲ್ಲಿ ಎಫ್/2.8ಕ್ಕೆ 1600 ಎಂದರೆ 1/100 ಸೆಕೆಂಡು, 5 ಸೆಂಟಿಮೀಟರ್ ಮಸುಕು. ವರ್ಣ ಫಿಲ್ಮಿನಲ್ಲಿ ಕೊಡಕ್ 1000ರ ವೇಗ ತಲುಪಿದ್ದು 1983ರಲ್ಲಿ; 1988ರಲ್ಲಿ ಕಪ್ಪು-ಬಿಳುಪಿನ ಟಿ-ಮ್ಯಾಕ್ಸ್ ಪಿ3200 ಬಂತು.

ಇವು ತಾಲೂಕು ಕೇಂದ್ರದ ಸ್ಟುಡಿಯೋಗೆ ಎಟುಕುವ ಸರಕಲ್ಲ. ಅಲ್ಲಿ ಸಿಗುತ್ತಿದ್ದದ್ದು ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಅಥವಾ ಪೂರ್ವ ಜರ್ಮನಿಯ ಓರ್ವೋದಂಥ ಫಿಲ್ಮುಗಳು, ಸಾಮಾನ್ಯವಾಗಿ ಮಧ್ಯಮ ವೇಗದವು. ಕ್ಯಾಮೆರಾ ಯಾಶಿಕಾ ಮಾದರಿಯ ಜೋಡಿ ಮಸೂರದ್ದು, ದೊಡ್ಡ ಅಪರ್ಚರ್ ಎಂದರೆ ಎಫ್/3.5. ವೇಗ 125ರ ಫಿಲ್ಮಿಗೆ ನಮ್ಮ ಸೂತ್ರ ಹಚ್ಚಿದರೆ 1/5 ಸೆಕೆಂಡು. ಅಷ್ಟರಲ್ಲಿ ರೈಡರ್ ಒಂದು ಮೀಟರ್ ಓಡಿರುತ್ತಾನೆ! ರೋಲಿನಲ್ಲಿ ಇರುವುದೇ ಹನ್ನೆರಡು ಚಿತ್ರ. ಪ್ರತಿಯೊಂದಕ್ಕೂ ಕಾಸು. ಉದ್ಘಾಟನೆಗೆ ಮೂರು, ಆಟಗಾರರ ಪರಿಚಯಕ್ಕೆ ಎರಡು, ಬಹುಮಾನಕ್ಕೆ ಐದು ಎಂದು ಎತ್ತಿಟ್ಟರೆ ಆಟಕ್ಕೆ ಉಳಿಯುವುದು ಎರಡು. ಆ ಎರಡೂ ಹಾಳಾಗುತ್ತವೆಂದು ಗೊತ್ತಿದ್ದೂ ಕೆಲವರು ತೆಗೆದರು. ನನ್ನ ಮಟ್ಟಿಗೆ ಆ ಹಾಳಾದ ಎರಡೇ ಆಲ್ಬಮ್ಮಿನ ಅತ್ಯುತ್ತಮ ಪುಟಗಳು.

ಜಾಣರಾದ ಕೆಲವರು ಭೌತವಿಜ್ಞಾನವನ್ನು ಓದದೆಯೂ ಬಳಸಿಕೊಂಡರು. ವಾಲಿಬಾಲಿನಲ್ಲಿ ಹೊಡೆತಕ್ಕೆ ಮೇಲೆ ನೆಗೆದವನ ಲಂಬ ವೇಗ ಎತ್ತರದ ತುದಿಯಲ್ಲಿ ಸೊನ್ನೆ. ಆ ತುದಿಯನ್ನು ನಡುವಿಟ್ಟುಕೊಂಡು 1/25 ಸೆಕೆಂಡು ಷಟರ್ ತೆರೆದರೆ ಅತ್ತ ಇತ್ತ 1/50 ಸೆಕೆಂಡಿನಲ್ಲಿ ದೇಹ ಇಳಿಯುವುದು ಎಷ್ಟು? ಗುರುತ್ವ ವೇಗೋತ್ಕರ್ಷದ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿ: ಸುಮಾರು 2 ಮಿಲಿಮೀಟರ್! ಮುಖ ಸ್ಪಷ್ಟ. ಬೀಸಿದ ಕೈ ಮತ್ತು ಚೆಂಡು ಮಾತ್ರ ಗೆರೆ. ಕಬಡ್ಡಿಯಲ್ಲೂ ರೈಡರ್ ದಿಕ್ಕು ಬದಲಿಸುವಾಗ ಕ್ಷಣಕಾಲ ನಿಲ್ಲುತ್ತಾನೆ. ಹಿಡಿದವರ ರಾಶಿಯಡಿ ಸಿಕ್ಕಿಕೊಂಡಾಗಲೂ ಅಷ್ಟೆ. ಹಳೆಯ ಇರುಳಿನ ಕಬಡ್ಡಿ ಚಿತ್ರಗಳಲ್ಲಿ ಓಟಕ್ಕಿಂತ ‘ರಾಶಿ’ಯೇ ಹೆಚ್ಚಾಗಿ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಬೆಂಗಳೂರಿನ ಕತೆ ಬೇರೆಯೇ. ಭಾರತದಲ್ಲಿ ಮೊದಲ ಹಗಲು-ರಾತ್ರಿ ಅಂತಾರಾಷ್ಟ್ರೀಯ ಏಕದಿನ ಕ್ರಿಕೆಟ್ ಪಂದ್ಯ ನಡೆದದ್ದು 1984ರ ಸೆಪ್ಟೆಂಬರಿನಲ್ಲಿ, ದೆಹಲಿಯಲ್ಲಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಹೊನಲು ಬೆಳಕಿನಲ್ಲಿ ಮೊದಲ ಪಂದ್ಯ ಕಂಡದ್ದು 1996ರ ಮಾರ್ಚ್ 9ರಂದು, ವಿಶ್ವಕಪ್ಪಿನ ಭಾರತ-ಪಾಕಿಸ್ತಾನ ಕ್ವಾರ್ಟರ್ ಫೈನಲಿನಲ್ಲಿ. ಆಮೀರ್ ಸೊಹೇಲ್ ಬೌಂಡರಿ ಹೊಡೆದು ಕೆಣಕಿದ ನಂತರದ ಎಸೆತದಲ್ಲೇ ವೆಂಕಟೇಶ ಪ್ರಸಾದ್ ಅವರ ವಿಕೆಟ್ ಉರುಳಿಸಿದ ಕ್ಷಣ ಇಂದಿಗೂ ಜನರ ಕಣ್ಣಮುಂದಿದೆ. ಅದು ರಾತ್ರಿಯ ದೃಶ್ಯ. ದೂರದರ್ಶನ ಪ್ರಸಾರಕ್ಕೆ ಸಾಮಾನ್ಯವಾಗಿ ಸಾವಿರ ಲಕ್ಸಿಗೂ ಹೆಚ್ಚು ಬೆಳಕು ಬೇಕು. 1200 ಲಕ್ಸ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ವೇಗ 800ರ ಫಿಲ್ಮ್, ಎಫ್/2.8 ಮಸೂರಕ್ಕೆ ಸಿಗುವುದು ಸುಮಾರು 1/500 ಸೆಕೆಂಡು. ಚಿತ್ರ ನಿಂತುಬಿಡುತ್ತದೆ. ಅದೇ ಮಾರ್ಚಿನಲ್ಲಿ ನಾಗಮಂಗಲದ ಕಡೆಯ ಹಳ್ಳಿಯೊಂದರಲ್ಲಿ ಯಾರೋ ಅದ್ಭುತ ರೈಡ್ ಮಾಡಿರಬಹುದು. ಹತ್ತು ಪಟ್ಟು ಕಡಿಮೆ ಬೆಳಕು ಅದನ್ನು ನೋಡಿದವರ ನೆನಪಿಗಷ್ಟೇ ಬಿಟ್ಟಿತು.

ಬೆಳಕು ಕಡಿಮೆಯಷ್ಟೇ ಅಲ್ಲ, ಅದು ನಡುಗುತ್ತದೆ ಕೂಡ. 50 ಆವರ್ತದ ಪರ್ಯಾಯ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ 100 ಬಾರಿ ಏರಿ ಇಳಿಯುತ್ತದೆ. (ಶಿವನಸಮುದ್ರದ 25 ಆವರ್ತಕ್ಕೆ 50 ಬಾರಿ.) ಟಂಗ್‌ಸ್ಟನ್ ತಂತಿ ತಟ್ಟನೆ ತಣಿಯದ ಕಾರಣ ಬಲ್ಬು, ಹ್ಯಾಲೊಜೆನ್‌ಗಳಲ್ಲಿ ಇದು ಹೆಚ್ಚು ಗೊತ್ತಾಗುವುದಿಲ್ಲ. ಪಾದರಸ, ಸೋಡಿಯಂ, ಮೆಟಲ್ ಹ್ಯಾಲೈಡ್ ದೀಪಗಳಲ್ಲಿ ಏರಿಳಿತ ಜೋರು. 1/25 ಸೆಕೆಂಡಿನ ಕಾಲದಲ್ಲಿ ಯಾರಿಗೂ ಇದರ ಅರಿವಾಗಲಿಲ್ಲ, ಏಕೆಂದರೆ ನಾಲ್ಕು ಏರಿಳಿತಗಳು ಸೇರಿ ಸರಾಸರಿಯಾಗುತ್ತಿದ್ದವು. ಷಟರ್ 1/500 ತಲುಪಿದಾಗ ಸಮಸ್ಯೆ ಹೊರಬಿತ್ತು. ಒಂದು ಚಿತ್ರ ಏರಿನಲ್ಲಿ ಸಿಕ್ಕಿ ಬೆಳಗುತ್ತದೆ, ಮುಂದಿನದು ಇಳಿತದಲ್ಲಿ ಸಿಕ್ಕಿ ಕಂದುತ್ತದೆ, ಬಣ್ಣವೂ ಬದಲಾಗುತ್ತದೆ. ದೊಡ್ಡ ಕ್ರೀಡಾಂಗಣಗಳಲ್ಲಿ ದೀಪಗಳನ್ನು ಮೂರು ಫೇಸುಗಳಿಗೆ ಹಂಚುತ್ತಾರೆ. ಒಂದು ಇಳಿದಾಗ ಇನ್ನೆರಡು ಕೈಹಿಡಿಯುತ್ತವೆ. ಹಳ್ಳಿಗಳಲ್ಲಿ ತ್ರೀ ಫೇಸ್ ವಿದ್ಯುತ್ ದಿನಕ್ಕೆ ಕೆಲವೇ ಗಂಟೆ, ರಾತ್ರಿಗೆ ಸಿಂಗಲ್ ಫೇಸ್ ಎಂಬ ವ್ಯವಸ್ಥೆ ರೈತರ ಮನೆಯ ಮಕ್ಕಳಿಗೆಲ್ಲ ಗೊತ್ತು. ಬಾಡಿಗೆಗೆ ತರುವ ಸಣ್ಣ ಜನರೇಟರೂ ಬಹುತೇಕ ಸಿಂಗಲ್ ಫೇಸೇ. ಆಗ ಎಲ್ಲ ದೀಪಗಳೂ ಒಂದೇ ತಾಳಕ್ಕೆ ಏರಿಳಿಯುತ್ತವೆ. ಪಂಪ್‌ಸೆಟ್ಟಿಗಾಗಿ ರೂಪಿಸಿದ ವಿತರಣಾ ಪದ್ಧತಿ ಕಬಡ್ಡಿಯ ಚಿತ್ರವನ್ನು ಕಂದಿಸಿತೆಂದರೆ ನಗು ಬರಬಹುದು. ಆದರೆ ಅದು ನಿಜ. ದೀಪದ ಏರನ್ನು ಗುರುತಿಸಿ ಆ ಕ್ಷಣಕ್ಕೇ ಷಟರ್ ಬಿಡುವ ಏರ್ಪಾಡನ್ನು 2014ರಲ್ಲಿ ಕ್ಯಾನನ್ ಕಂಪನಿ ತನ್ನ 7ಡಿ ಮಾರ್ಕ್ 2 ಕ್ಯಾಮೆರಾದಲ್ಲಿ ಅಳವಡಿಸಿತು.

ಕೊನೆಗೂ ಅಂಕಣದೊಳಗಿನ ಆಟವನ್ನು ದಕ್ಕಿಸಿಕೊಟ್ಟದ್ದು ಸಿಲಿಕಾನ್. ಬೆಲ್ ಪ್ರಯೋಗಾಲಯದ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ಸಿ.ಸಿ.ಡಿ. ಸಂವೇದಕವನ್ನು ರೂಪಿಸಿದರು. ಅದಕ್ಕಾಗಿ 2009ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಫಿಲ್ಮು ತನ್ನ ಮೇಲೆ ಬಿದ್ದ ಫೋಟಾನುಗಳಲ್ಲಿ ನೂರಕ್ಕೆ ಕೆಲವನ್ನಷ್ಟೇ ಉಪಯೋಗಿಸಿಕೊಂಡರೆ ಸಂವೇದಕ ಅರ್ಧದಷ್ಟನ್ನು ಎಣಿಸಬಲ್ಲದು. 1999ರ ನಿಕಾನ್ ಡಿ1 ಕ್ಯಾಮೆರಾದ ವೇಗ 1600ರವರೆಗೆ. 2007ರ ಡಿ3ಯದು 6400, ಒತ್ತಾಯಿಸಿದರೆ 25,600. ನಮ್ಮ 120 ಲಕ್ಸಿನ ಅಂಕಣಕ್ಕೆ 6400 ಎಂದರೆ 1/400 ಸೆಕೆಂಡು, ಮಸುಕು ಒಂದೂಕಾಲು ಸೆಂಟಿಮೀಟರ್. ಒಂದು ಮಿತಿ ಮಾತ್ರ ಉಳಿದೇ ಇದೆ. ಫೋಟಾನುಗಳು ಬರುವುದು ಮಳೆಹನಿಯಂತೆ, ಅಡ್ಡಾದಿಡ್ಡಿ. 10,000 ಬಂದರೆ ಏರುಪೇರು 100, ಶೇಕಡಾ ಒಂದು. ಬರೀ 100 ಬಂದರೆ ಏರುಪೇರು 10, ಶೇಕಡಾ ಹತ್ತು. ರಾತ್ರಿಯ ಚಿತ್ರದ ಕಪ್ಪು ಭಾಗದಲ್ಲಿ ಕಾಣುವ ಮರಳಿನಂಥ ಕಣಗಳಿಗೆ ಇದು ಮುಖ್ಯ ಕಾರಣ. ಎಷ್ಟೇ ಬೆಲೆಯ ಕ್ಯಾಮೆರಾ ತಂದರೂ ಬಾರದ ಫೋಟಾನನ್ನು ಎಣಿಸಲಾಗದು. ಈಗಿನ ಮೊಬೈಲುಗಳು ಇರುಳಿನಲ್ಲಿ ಹತ್ತಾರು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಪೇರಿಸಿ ಈ ಕಣಗಳನ್ನು ಅಳಿಸುತ್ತವೆ. ಬೃಂದಾವನಕ್ಕೆ ಅದು ಸೊಗಸು. ರೈಡರ್ ಮಾತ್ರ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಎಲ್.ಇ.ಡಿ. ದೀಪಗಳು ಬಂದ ಮೇಲೆ ಅಂಕಣಗಳು ಬೆಳಗಿವೆ. 200 ವಾಟಿನ ಎಂಟು ದೀಪ ಅದೇ ನೆಲಕ್ಕೆ 260 ಲಕ್ಸಿನಷ್ಟು ಕೊಡಬಲ್ಲವು, ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ. ಹಾಗಾಗಿ ಈಚಿನ ಪಂದ್ಯಗಳ ಚಿತ್ರಗಳಿಗೆ ಬರವಿಲ್ಲ. ಬರ ಇರುವುದು ಹಿಂದಿನವಕ್ಕೆ. ಕಬಡ್ಡಿ 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಸೇರುವ ಮೊದಲು ಮತ್ತು ಆನಂತರದ ವರ್ಷಗಳಲ್ಲಿ ಈ ಹಳ್ಳಿಗಳ ಇರುಳುಗಳಲ್ಲಿ ಆಡಿದವರಲ್ಲಿ ಅನೇಕರಿಗೆ ಈಗ ಅರವತ್ತು ದಾಟಿದೆ.

ಅವರ ಆಟ ಪೂರ್ತಿ ಅಳಿಸಿಹೋಗಿಲ್ಲದಿರಬಹುದು. ಸಾಕಷ್ಟು ಬೆಳಕು ಬೀಳದ ನೆಗೆಟಿವ್ ತೀರ ತೆಳುವಾಗಿರುತ್ತದೆ. ಅದನ್ನು ಕಾಗದಕ್ಕೆ ಮುದ್ರಿಸಿದರೆ ಬರೀ ಕಪ್ಪು ಬರುತ್ತಿದ್ದುದರಿಂದ ಸ್ಟುಡಿಯೋದವರು ಮುದ್ರಿಸದೆ ಲಕೋಟೆಗೆ ಹಾಕಿ ಅಟ್ಟಕ್ಕೆ ಎಸೆದಿರುತ್ತಾರೆ. ಇಂದಿನ ಸ್ಕ್ಯಾನರುಗಳು ಅಂಥ ನೆಗೆಟಿವಿನಿಂದ ಎಷ್ಟೋ ವಿವರ ಹೊರತೆಗೆಯಬಲ್ಲವು. ಸ್ಟುಡಿಯೋಗಳು ಒಂದೊಂದಾಗಿ ಮುಚ್ಚುತ್ತಿವೆ. ಅಟ್ಟದ ಸೆಕೆ, ತೇವಕ್ಕೆ ಜಿಲಾಟಿನ್ ಬೂಷ್ಟು ಹಿಡಿಯುತ್ತದೆ, ಉಳಿದದ್ದು ಗುಜರಿಗೆ. ಶಿಕ್ಷಕರು ಮಕ್ಕಳೊಂದಿಗೆ ಊರಿನ ಸ್ಟುಡಿಯೋದಲ್ಲಿ ವಿಚಾರಿಸಿ ಒಂದು ಕಪ್ಪು-ಬಿಳುಪು ತೆಳು ನೆಗೆಟಿವ್ ಕೇಳಿ ಪಡೆಯಬಹುದು. ಅಂಚನ್ನು ಮಾತ್ರ ಮುಟ್ಟಿ. ದೀಪಕ್ಕೆ ಎದುರಾಗಿ ಹಿಡಿಯಬೇಡಿ. ಕಪ್ಪು ಬಟ್ಟೆಯ ಮೇಲಿಟ್ಟು, ಪಕ್ಕದ ಕಿಟಕಿಯ ಬೆಳಕು ಬೀಳುವಂತೆ ಮೆಲ್ಲಗೆ ಓರೆಮಾಡಿ. ಬೆಳಕು ಸೋಕಿದ ಕಡೆಯ ಬೆಳ್ಳಿ ಬೂದುಬಿಳುಪಾಗಿ ಹೊಳೆಯುತ್ತದೆ, ಬೆಳ್ಳಿಯಿಲ್ಲದ ಕಡೆ ಹಿಂದಿನ ಬಟ್ಟೆ ಕಪ್ಪಾಗಿ ಕಾಣುತ್ತದೆ; ನೆಗೆಟಿವೇ ಪಾಸಿಟಿವ್ ಆಗುತ್ತದೆ. 1850ರ ದಶಕದ ಆಂಬ್ರೋಟೈಪ್ ಚಿತ್ರಗಳನ್ನು ಜನ ನೋಡುತ್ತಿದ್ದದ್ದು ಇದೇ ತತ್ತ್ವದಿಂದ. ಓರೆಯ ಕೋನ ಸರಿಯಾದ ಕ್ಷಣದಲ್ಲಿ ಗೆರೆಯ ಕಡೆಗೆ ಚಾಚಿದ ಒಂದು ಕೈ, ಅದರ ಹಿಂದೆ ಕಾಲು ಹಿಡಿದ ಇಬ್ಬರು ಕಂಡರೂ ಕಾಣಬಹುದು.